ಗಂಗಮ್ಮನಿಗೆ ಬಿಟ್ಟ ಒಂದು ಮೊಳ

ಫೆಬ್ರವರಿ 9, 2025, ಭಾನುವಾರ

ಈ ಕತೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿ ದೊಡ್ಡಮ್ಮ. ಎಪ್ಪತ್ತೇಳನೇ ಇಸವಿ, ರಾಗಿ ಒಕ್ಕಣೆ ಮುಗಿದ ವಾರ. ಕಣದಲ್ಲಿ ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು ಕೂತು ಹೇಳಿದಳು. ನನಗಾಗ ಎಂಟು ವರ್ಷ. ಮಗಳು ಹೇಮಶ್ರೀ ಈ ಡೈರಿ ತಂದುಕೊಟ್ಟು, ಅಜ್ಜಿಯ ಕತೆಗಳನ್ನೆಲ್ಲ ಬರೆದಿಡಪ್ಪ, ಇಲ್ಲದಿದ್ದರೆ ನಿನ್ನ ಜೊತೆಗೇ ಹೊರಟುಹೋಗುತ್ತವೆ ಅಂದಳು. ಸೋಮನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಮೇಡಂ. ಅಪ್ಪ ಸಾಯುವುದನ್ನೂ ಪಾಠದ ಹಾಗೆ ಹೇಳುತ್ತಾಳೆ.

ಒಂದೂರಲ್ಲಿ ಹೊನ್ನಯ್ಯ ಅಂತ ಬಾವಿ ತೋಡುವವನಿದ್ದ. ಏಳಾಳುದ್ದ ತೋಡಿದ. ನೀರು ಬಂದರೆ ಮೊದಲು ತಾನೇ ನೋಡಬೇಕು, ಬೇರೆಯವರ ಕಣ್ಣು ಬೀಳಬಾರದು ಅಂತ ಬಾವಿಯ ಬಾಯಿಗೆ ಪೂರ್ತಿ ಚಪ್ಪಡಿ ಎಳೆದು ಮಲಗಿದ. ಗಂಗಮ್ಮ ತಲೆ ಮೇಲೆ ಕೊಡ ಹೊತ್ತು ಪಾತಾಳದಿಂದ ಹತ್ತಿ ಬಂದಳು. ಹಣೆ ಚಪ್ಪಡಿಗೆ ತಾಗಿತು. ತೆಗಿಯೋ ಹೊನ್ನಯ್ಯ ಅಂತ ಮೂರು ಸಲ ಕೂಗಿದಳು. ಅವನಿಗೆ ನಿದ್ದೆ. ಅವಳು ಕೊಡ ಬಗ್ಗಿಸಿ ವಾಪಸ್ಸು ಇಳಿದುಹೋದಳು. ಏಳೂರಿನ ಬಾವಿ ಒಣಗಿದವು. ಅವತ್ತಿನಿಂದ ಬಾವಿ ಮುಚ್ಚುವವನು ಈಶಾನ್ಯದ ಮೂಲೆಯಲ್ಲಿ ಒಂದು ಮೊಳ ಬಿಡಬೇಕು, ಅವಳು ಮುಖ ಎತ್ತುವುದಕ್ಕೆ.

ಕೇಳಿದವರು ಮಾರನೇ ಬೆಳಿಗ್ಗೆ ಏನು ಮಾಡಿದರು ಅಂತ ಹೇಳದೆ ಕತೆ ಮುಗಿಸಬಾರದು ಅನ್ನುವುದು ದೊಡ್ಡಮ್ಮನ ಕಟ್ಟಳೆ. ಆ ಸಲ ಮಾರನೇ ಬೆಳಿಗ್ಗೆ ನನ್ನಪ್ಪ ಕರಿಯಯ್ಯ ಎದ್ದವನೇ ಹೋಗಿ, ತಾನು ಅರ್ಧ ತೋಡಿ ಮುಚ್ಚಿಟ್ಟಿದ್ದ ಬಾವಿಯ ಮೂಲೆಯಿಂದ ತೆಂಗಿನ ಗರಿ ಸರಿಸಿದ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಾವಿಯೊಳಗೆ ಬಂಡೆ ಸಿಡಿಸುವುದು ಅಜ್ಜನ ಕಾಲದಿಂದ ನಮ್ಮ ಕೆಲಸ. ಕಲ್ಲು ಹಾರದ ಹಾಗೆ ಬಾಯಿ ಮುಚ್ಚುತ್ತೇವೆ, ಮೂಲೆಯಲ್ಲಿ ಮೊಳ ಬಿಡುತ್ತೇವೆ. ಮನೆಯ ನೀರಿನ ಡ್ರಮ್ಮಿನ ಮುಚ್ಚಳವೂ ಓರೆಯೇ. ಸೊಳ್ಳೆ ಮೊಟ್ಟೆ ಹುಡುಕಿಕೊಂಡು ಬರುವ ಆಶಾ ಕಾರ್ಯಕರ್ತೆ ಹೆಣ್ಣುಮಗಳು ಬೈದು ಮುಚ್ಚಿ ಹೋಗುತ್ತಾಳೆ. ಅವಳು ಬೀದಿ ತಿರುಗುವಷ್ಟರಲ್ಲಿ ನನ್ನ ಹೆಂಡತಿ ಶೋಭಾರಾಣಿ ಸರಿಸಿರುತ್ತಾಳೆ.

ಫೆಬ್ರವರಿ 17, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ತಿಮ್ಮಯ್ಯನವರ ಹಳೇ ಬಾವಿ ಆಳ ಮಾಡುವ ಕೆಲಸ. ನಾಲೆ ನೀರು ನಮ್ಮ ಕಡೆ ಬರುವುದಿಲ್ಲ, ಅವರ ಬೋರ್‌ವೆಲ್ಲೂ ಕೈಕೊಟ್ಟಿತ್ತು. ಲೈಸೆನ್ಸು ಈಗ ನನ್ನ ಅಕ್ಕನ ಮಗ ಮಹದೇವಸ್ವಾಮಿಯ ಹೆಸರಲ್ಲಿದೆ. ಕಲಿಸಿದವನು ನಾನು. ಕುಳಿ ಹೊಡೆಯುವುದು, ಮದ್ದು ತುಂಬುವುದು ಅವನದು. ನನ್ನ ಕಣ್ಣು ಮಂಜಾದ ಮೇಲೆ ಬಾಯಿ ಮುಚ್ಚುವುದಷ್ಟೇ ನನ್ನ ಪಾಲು. ದಿಮ್ಮಿ ಹಾಕಿದೆ, ಟೈರು ಹೆಣೆದ ಬಲೆ ಎಳೆದೆ, ಮೇಲೆ ಮರಳಿನ ಮೂಟೆ ಇಟ್ಟೆ. ಮೂಲೆ ಬಿಟ್ಟೆ. ಪೂರ್ತಿ ಮುಚ್ಚಿಬುಡು ಮಾವ, ಗಂಗಮ್ಮ ಈಗ ಪೈಪಲ್ಲಿ ಬತ್ತಾಳೆ ಅಂದ ಮಹದೇವ. ಬೈದೆ. ನಾಲ್ಕು ದಿಕ್ಕಿಗೂ ಕೂಗಿ, ಜನರನ್ನು ದೂರ ನಿಲ್ಲಿಸಿ ಸಿಡಿಸಿದೆವು.

ತಿಮ್ಮಯ್ಯನವರ ಹೆಂಡತಿ ಮಾಯಮ್ಮನವರು ಮನೆ ಮುಂದಿನ ಕಣದಲ್ಲಿ ಹುರುಳಿ ಹರಡುತ್ತಿದ್ದರು. ಬಾವಿಯಿಂದ ಇನ್ನೂರೈವತ್ತು ಹೆಜ್ಜೆ. ಅಷ್ಟು ದೂರಕ್ಕೆ ಕಲ್ಲು ಹೋಗುವುದಿಲ್ಲ. ಹೋಯಿತು. ತೆಂಗಿನಕಾಯಿ ಗಾತ್ರದ ಕಲ್ಲು ತೊಡೆಗೆ ಬಿತ್ತು. ಅವರು ಕೂಗಲಿಲ್ಲ. ಹುರುಳಿಯ ಮೇಲೆ ಕೂತವರಿಗೆ ಮತ್ತೆ ಏಳಲಾಗಲಿಲ್ಲ.

ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ನಾನು ಬಾವಿಯ ಹತ್ತಿರವೇ ನಿಂತಿದ್ದೆ. ಬಲೆ ಹಾಕಿದ ಹಾಗೇ ಇತ್ತು. ಒಂದು ಮೂಟೆಯೂ ಜರುಗಿರಲಿಲ್ಲ.

ಫೆಬ್ರವರಿ 19, ಬುಧವಾರ

ಪೊಲೀಸರು ಬಂದರು. ಊರಿನವರೆಲ್ಲ ಒಂದೇ ಮಾತು: ಮದ್ದು ಜಾಸ್ತಿ ತುಂಬಿದ್ದಾನೆ. ವಯಸ್ಸಿನ ಕೊಬ್ಬು. ನನ್ನನ್ನೂ ಕೇಳಿದರು. ಇರಬಹುದು ಸಾರ್ ಅಂದೆ. ಬೇರೆ ಇನ್ನೇನಿರುತ್ತದೆ? ನಲವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಕಲ್ಲು ಗೆರೆ ದಾಟಿ ಹೋಗಿಲ್ಲ.

ಮಹದೇವ ನನ್ನ ಮುಖ ನೋಡಿದ. ತುಂಬಿದ್ದು ಅಳತೆಗೇ ಸಾರ್ ಅಂತ ಮಾತ್ರ ಹೇಳಿದ. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸಂಜೆಗೆ ಬಿಟ್ಟರು.

ಫೆಬ್ರವರಿ 23, ಭಾನುವಾರ

ಬೆಸಗರಹಳ್ಳಿಯಿಂದ ಬಸ್ಸು ಹಿಡಿದು ಮದ್ದೂರು, ಅಲ್ಲಿಂದ ಮಂಡ್ಯ. ಎರಡು ಡಜನ್ ಬಾಳೆಹಣ್ಣು ತಗೊಂಡಿದ್ದೆ. ಮಾಯಮ್ಮನವರ ತೊಡೆಗೆ ರಾಡು ಹಾಕಿದ್ದಾರೆ. ನಡೆಯುತ್ತಾರೋ ಇಲ್ಲವೋ ಮೂರು ತಿಂಗಳಾದ ಮೇಲೆ ಹೇಳುತ್ತಾರಂತೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೋ, ನನ್ನನ್ನು ನೋಡಬಾರದು ಅಂತಲೋ.

ತಿಮ್ಮಯ್ಯನವರು ವಾರ್ಡಿನ ಹೊರಗೆ ಸಿಕ್ಕರು. ನನ್ನ ಮೇಲೆ ಅವರಿಗೆ ಕೋಪವಿಲ್ಲ. ನೀನು ಹಳಬ, ಕಟ್ಟುನಿಟ್ಟು ಕಣ್ಲಾ ಕನಕ, ಆ ನನ್ಮಗಂದೇ ಎಲ್ಲ ಅಂದರು. ಅವನ ಲೈಸೆನ್ಸು ಕಿತ್ತು ಹಾಕಿಸುತ್ತೇನೆ, ಸುತ್ತ ಏಳೂರಲ್ಲಿ ಅವನು ಗುದ್ದಲಿ ಹಿಡಿಯಬಾರದು ಅಂದರು. ಆಗಲಿ ಗೌಡ್ರೆ ಅಂದೆ. ಆಮೇಲೆ ಬಾಳೆಹಣ್ಣು ಅಲ್ಲೇ ಬೆಂಚಿನ ಮೇಲಿಟ್ಟು ಬಂದೆ.

ಅವನಾದರೂ ಒಪ್ಪಿಕೊಂಡುಬಿಟ್ಟರೆ ಆಗುತ್ತಿತ್ತು. ಅಳತೆಗೇ ತುಂಬಿದೆ ಅಂತ ಎಷ್ಟು ದಿನ ಹೇಳುತ್ತಾನೆ?

ಮಾರ್ಚ್ 2, ಭಾನುವಾರ

ಇವತ್ತು ಮನೆಯಲ್ಲಿ ಚಂದ್ರನ ಪಾಠ. ಹೇಮ ಮಕ್ಕಳಿಗೆ ತೋರಿಸಬೇಕಂತೆ, ಮೊದಲು ನಮ್ಮ ಮೇಲೆ ಪ್ರಯೋಗ. ಪರಾತದಲ್ಲಿ ಅಕ್ಕಿಹಿಟ್ಟು ಹರಡಿ, ಅದು ಕಾಣದ ಹಾಗೆ ಮೇಲೆ ರಾಗಿಹಿಟ್ಟು ಜರಡಿ ಹಿಡಿದಳು. ಎದೆಯೆತ್ತರದಿಂದ ಗೋಲಿ ಬಿಟ್ಟಳು. ಗುಂಡಿ ಬಿತ್ತು. ಅಡಿಯಲ್ಲಿದ್ದ ಅಕ್ಕಿಹಿಟ್ಟು ಸಿಡಿದು, ಕರಿ ರಾಗಿಯ ಮೇಲೆ ಸುತ್ತಲೂ ಬಿಳಿ ಗೀಟು ಎಳೆದಂತೆ ಹರಡಿತು. ಯಾರೋ ರಂಗೋಲಿ ಚೆಲ್ಲಿದ ಹಾಗಿತ್ತು.

ಆಕಾಶದಿಂದ ಬಂಡೆ ಬಂದು ಚಂದ್ರನಿಗೆ ಗುದ್ದಿದರೂ ಹೀಗೇ ಅಂತೆ. ನಾನು ಗುದ್ದಲಿ ಏಟಿನ ಹಾಗೆ ಅಂದುಕೊಂಡಿದ್ದೆ. ಅಲ್ಲಪ್ಪ, ಆ ವೇಗಕ್ಕೆ ಅದು ಸಿಡಿಯೋದು, ನಿನ್ನ ಕೆಲಸದ ಥರಾನೇ ಅಂದಳು. ದೂರ ಹಾರಿದ ಕಲ್ಲುಗಳು ಬಿದ್ದ ಕಡೆಯಲ್ಲೆಲ್ಲ ಮರಿಗುಂಡಿ ಮಾಡುತ್ತವೆ. ಮರಿಗುಂಡಿಗಳ ಸಾಲು ಹಿಡಿದು ಹಿಂದಕ್ಕೆ ಹೋದರೆ ತಾಯಿಗುಂಡಿ ಸಿಗುತ್ತದೆ. ಆಮೇಲೆ ಗೋಲಿಯನ್ನು ಓರೆಯಾಗಿ ಎಸೆದಳು. ಈ ಸಲ ಗೋಲಿ ಬಂದ ಕಡೆಗೆ ಹಿಟ್ಟೇ ಇಲ್ಲ, ಎಲ್ಲ ಮುಂದಕ್ಕೆ ಮತ್ತು ಪಕ್ಕಕ್ಕೆ. ಚೆಲ್ಲಿದ್ದನ್ನು ನೋಡಿದರೆ ಹೇಗೆ ಬಂತು ಅಂತ ಹೇಳಬಹುದಂತೆ.

ನನಗೆ ತಟ್ಟನೆ ಹೊಳೆಯಿತು. ಮದ್ದು ಜಾಸ್ತಿಯಾಗಿ ಬಲೆಯನ್ನೇ ಎತ್ತಿ ಎಸೆದಿದ್ದರೆ ಕಲ್ಲು ಸುತ್ತಲೂ ಹರಡಿರಬೇಕು. ಹೊಲ ಉತ್ತು ಬಿಟ್ಟದ್ದು, ಮಳೆ ಬಂದಿಲ್ಲ, ಗುರುತು ಹಾಗೇ ಇರುತ್ತದೆ. ಅದನ್ನು ತೋರಿಸಿದರೆ ಮಹದೇವನ ಬಾಯಿ ಮುಚ್ಚುತ್ತದೆ.

ಎರಡು ಹಿಟ್ಟೂ ಬೆರೆತುಹೋಗಿ ಶೋಭಾ ಬೈದಳು. ಅದರಲ್ಲೇ ಮುದ್ದೆ ತೊಳಸಿದಳು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಬಕೆಟ್ಟಿನಲ್ಲಿ ಸುಣ್ಣದ ಪುಡಿ ತಗೊಂಡು ತಿಮ್ಮಯ್ಯನವರ ಹೊಲಕ್ಕೆ ಹೋದೆ. ಕಲ್ಲು ಬಿದ್ದ ಗುಂಡಿಗಳು ಗುಂಡಗಿಲ್ಲ, ಉದ್ದಕ್ಕಿವೆ. ಮಣ್ಣು ಒಂದೇ ಕಡೆಗೆ ತಳ್ಳಿಕೊಂಡಿದೆ. ಒಂದೊಂದಕ್ಕೂ ಸುಣ್ಣ ಹಾಕುತ್ತಾ, ಅದು ಉದ್ದಕ್ಕಿರುವ ಕಡೆಗೇ ಗೀಟು ಎಳೆಯುತ್ತಾ ಹೋದೆ. ನಲವತ್ತೊಂದು ಗುಂಡಿ. ದಾರಿಯಲ್ಲಿ ಹೋಗುವವರು, ಏನ್ಲಾ ಕನಕ, ಸೈಟ್ ಮಾಡ್ತಿದೀಯಾ ಅಂತ ಕೇಳಿದರು.

ಬಾವಿಯ ತೆಂಕಲಿಗೆ ಹುಡುಕಿದೆ. ಪಡುವಲಿಗೆ ಹುಡುಕಿದೆ. ಎರಡು ಸಲ ಹುಡುಕಿದೆ.

ಮಧ್ಯಾಹ್ನ ಪಂಪ್‌ಹೌಸಿನ ತಾರಸಿ ಹತ್ತಿ ನೋಡಿದೆ. ಬಿಳಿ ಗೀಟುಗಳು ಚೆನ್ನಾಗಿ ಕಾಣುತ್ತಿದ್ದವು, ಬೀಸಣಿಗೆ ಬಿಚ್ಚಿದ ಹಾಗೆ. ಪರಾತದಲ್ಲಿ ಸುತ್ತಲೂ ಇದ್ದವು. ಇಲ್ಲಿ ಸುತ್ತಲೂ ಇಲ್ಲ. ಬಿಸಿಲು ಬಹಳವಿತ್ತು. ಇಳಿದು ಬಂದೆ.

ಮಾರ್ಚ್ 6, ಗುರುವಾರ

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 8, ಶನಿವಾರ

ನೀರಿನ ಡ್ರಮ್ಮಿನ ಮುಚ್ಚಳ ಯಾರು ಬಿಗಿಯಾಗಿ ಹಾಕಿದ್ದು ಅಂತ ಶೋಭಾ ಕೇಳಿದಳು. ಆಶಾ ಹೆಣ್ಣುಮಗಳು ಇರಬೇಕು ಅಂದೆ. ಅವಳು ಬಂದು ಹದಿನೈದು ದಿನ ಆಯಿತು ಅಂದಳು ಶೋಭಾ. ಹಾಗಾದರೆ ನಾನೇ ಇರಬೇಕು. ಧೂಳು ಬೀಳುತ್ತದೆ.

ಮಾರ್ಚ್ 12, ಬುಧವಾರ

ಹುಣ್ಣಿಮೆಗೆ ಎರಡು ದಿನ. ಹೇಮ ಶಾಲೆಯ ದುರ್ಬೀನು ತಂದಿದ್ದಳು. ಏಳು ಗಂಟೆಗೆ ಚಂದ್ರ ತೆಂಗಿನ ಮರ ದಾಟಿ ಮೇಲೆ ಬಂದಿದ್ದ. ಬಲಗಡೆಗೆ ನೋಡಪ್ಪ, ಟೈಕೊ ಅಂತ ಗುಂಡಿ ಅಂದಳು. ನನ್ನ ಮಂಜುಗಣ್ಣಿಗೂ ಕಂಡಿತು. ಒಂದು ಬಿಳಿ ಚುಕ್ಕೆ, ಅದರಿಂದ ಹೊರಟ ಬಿಳಿ ಗೀಟುಗಳು ಚಂದ್ರನ ಅರ್ಧ ಮೈ ದಾಟಿ ಹೋಗಿವೆ. ಸಾವಿರದೈನೂರು ಕಿಲೋಮೀಟರು ದಾಟಿ ಹೋದವೂ ಇವೆಯಂತೆ. ಅಲ್ಲಿ ಗಾಳಿಯಿಲ್ಲ, ತಡೆಯುವವರಿಲ್ಲ, ಧೂಳೂ ಕಲ್ಲಿನಷ್ಟೇ ದೂರ ಹೋಗುತ್ತದೆ. ಹತ್ತು ಕೋಟಿ ವರ್ಷದ ಹಿಂದೆ ಒಂದು ಸಲ ಬಿದ್ದ ಏಟು.

ದೂರದ ಮರಿಗುಂಡಿ ನೋಡಿದವರು ಒಂದೊಂದೂ ಬೇರೆ ಬೇರೆಯಾಗಿ ಆಕಾಶದಿಂದ ಬಿದ್ದದ್ದು ಅಂದುಕೊಳ್ಳುವುದುಂಟಂತೆ. ಸಾಲು ನೋಡಿದ ಮೇಲೇ ಎಲ್ಲ ಒಂದೇ ತಾಯಿಯ ಮಕ್ಕಳು ಅಂತ ಗೊತ್ತಾಗುವುದು.

ಈ ಬಿಳಿ ಮಾಸುವುದಿಲ್ಲವೇ ಅಂತ ಕೇಳಿದೆ. ಮಾಸುತ್ತದೆ, ಬಿಸಿಲಿಗೆ, ಸಣ್ಣ ಸಣ್ಣ ಏಟಿಗೆ ಕಪ್ಪಾಗುತ್ತಾ ಬರುತ್ತದೆ, ಹಳೇ ಗುಂಡಿಗಳಿಗೆ ಗೀಟೇ ಇಲ್ಲ ಅಂದಳು. ಎಷ್ಟು ದಿನಕ್ಕೆ ಅಂತ ಕೇಳಿದೆ.

"ದಿನ ಏನಪ್ಪ, ನೂರು ಕೋಟಿ ವರ್ಷ ಬೇಕು."

ಅಷ್ಟರವರೆಗೆ ಯಾರು ಕಾಯುತ್ತಾರೆ. ಒಂದು ಜೋರು ಮಳೆ ಬಂದರೆ ಸುಣ್ಣ ತೊಳೆದುಹೋಗುತ್ತದೆ ಅಂತ ನಾನು ಅಂದೆ. ಯಾವ ಸುಣ್ಣ ಅಂತ ಕೇಳಿದಳು. ಮಾತು ಬದಲಾಯಿಸಿದೆ.

ಮಾರ್ಚ್ 16, ಭಾನುವಾರ

ಅಕ್ಕ ಮಂಗಳಮ್ಮ ಬಂದಿದ್ದಳು. ಒಳಗೆ ಬಾ ಅಂದರೆ ಬರಲಿಲ್ಲ, ಹೊಸ್ತಿಲಿನಲ್ಲೇ ಕೂತಳು. ಕೈಯಲ್ಲಿ ಕಾಗದ. ಇಪ್ಪತ್ತನಾಲ್ಕನೇ ತಾರೀಕು ವಿಚಾರಣೆ, ಸರಿಯಾದ ಉತ್ತರ ಕೊಡದಿದ್ದರೆ ಮಹದೇವನ ಲೈಸೆನ್ಸು ರದ್ದು. ಮೂರು ವಾರದಿಂದ ಅವನನ್ನು ಯಾರೂ ಕೂಲಿಗೂ ಕರೆದಿಲ್ಲ. ನಿಶ್ಚಯವಾಗಿದ್ದ ಹೆಣ್ಣಿನ ಮನೆಯವರು ಫೋನು ಎತ್ತುತ್ತಿಲ್ಲ.

"ಕಲಿಸ್ದೋನು ನೀನು. ಅವ ಎಷ್ಟು ತುಂಬ್ದ ಅಂತ ನಿಂಗ್ ಗೊತ್ತಲ್ವಾ? ನೀನೇ ಒಂದ್ ಮಾತ್ ಹೇಳ್ಬುಡು ಕನಕ."

ಕಾಫಿ ಆರಿತು. ಅವಳು ಕುಡಿಯಲಿಲ್ಲ.

ಸಂಜೆ ಮಹದೇವನ ಮನೆಗೆ ಹೋದೆ. ಹಿತ್ತಲಲ್ಲಿ ತನ್ನ ಕಬ್ಬಿಣದ ಸಾಮಾನಿಗೆ ಎಣ್ಣೆ ಹಚ್ಚುತ್ತಿದ್ದ. ಕೆಲಸವಿಲ್ಲದಿದ್ದರೂ ತುಕ್ಕು ಹಿಡಿಯಬಾರದಲ್ಲ ಅಂದ. ಹೊಲದಲ್ಲಿ ಸುಣ್ಣ ನೋಡಿದೆಯಾ ಅಂತ ಕೇಳಿದೆ. ನೋಡಿದ್ದಾನಂತೆ. ಪಂಪ್‌ಹೌಸಿನ ಮೇಲೆ ಹತ್ತಿಯೇ ನೋಡಿದ್ದಾನಂತೆ. ಹಾಗಾದರೆ ಯಾಕೆ ಸುಮ್ಮನಿದ್ದೀಯ ಅಂದೆ.

"ನಿಂಗೂ ಗೊತ್ತದೆ ಮಾವ, ನಂಗೂ ಗೊತ್ತದೆ. ಗಂಗಮ್ಮನ ಮೊಳದ ಸುದ್ದಿ ನನ್ ಬಾಯಲ್ಲಿ ಬಂದ್ರೆ ಊರೋರು ಕೇಳ್ತಾರಾ? ನಿಂಗ್ ಅನ್ಸ್ದಾಗ ನೀನೇ ಹೇಳು."

ಎಣ್ಣೆಬಟ್ಟೆ ಮಡಿಸಿಟ್ಟು ಒಳಗೆ ಹೋದ. ನಾನು ಮನೆಗೆ ಬಂದೆ. ಏನು ಮಾಡಬೇಕು ಅಂತ ತೋಚಲಿಲ್ಲ. ಈಗಲೂ ತೋಚುತ್ತಿಲ್ಲ.

ಮಾರ್ಚ್ 18, ಮಂಗಳವಾರ

ಆ ಮೊಳ ಅಪ್ಪ ಬಿಟ್ಟಿದ್ದ, ಅಪ್ಪನ ಅಪ್ಪ ಬಿಟ್ಟಿದ್ದ. ಅವರ ಕಾಲದಲ್ಲಿ ಕೈಸುತ್ತಿಗೆ, ಒಂದು ಚಿಟಿಕೆ ಮದ್ದು. ಕಲ್ಲು ಬಾವಿಯ ಅರ್ಧಕ್ಕೂ ಏಳುತ್ತಿರಲಿಲ್ಲ. ಈಗಿನ ಮದ್ದು ಅಳತೆಗೇ ತುಂಬಿದರೂ ಕಲ್ಲು ಬಾಯಿ ದಾಟಿ ಏಳುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಮಾರ್ಚ್ 20, ಗುರುವಾರ

ಮಾಯಮ್ಮನವರು ಸೋಮವಾರ ಮನೆಗೆ ಬಂದಿದ್ದಾರೆ. ಸಂಜೆ ದನ ಕಟ್ಟುವ ಹೊತ್ತಿಗೆ ಹೋದೆ. ಪಡಸಾಲೆಯಲ್ಲಿ ಮಂಚ, ಕಾಲು ದಿಂಬಿನ ಮೇಲೆ. ನೋಡಲು ಬಂದವರು ಎಂಟು ಹತ್ತು ಮಂದಿ ಇದ್ದರು. ಬಾರ್ಲಾ ಕನಕ, ಒಂದ್ ಕತೆ ಹೇಳು, ಇವಳಿಗೆ ಹೊತ್ತು ಹೋಗಲ್ಲ ಅಂದರು ತಿಮ್ಮಯ್ಯನವರು. ನಾನು ಜಗಲಿಯ ಅಂಚಿನಲ್ಲಿ ಕೂತೆ. ಕತೆ ಹೇಳಲು ಕರೆದರೆ ನಾನು ಕೂರುವ ಜಾಗ ಅದು.

ಈ ಕತೆ ಮೊದಲು ಹೇಳಿದವಳು ದೊಡ್ಡಮ್ಮ ಅಂತಲೇ ಶುರು ಮಾಡಿದೆ. ಹೊನ್ನಯ್ಯ, ಚಪ್ಪಡಿ, ಗಂಗಮ್ಮನ ಹಣೆ. ಎಲ್ಲರಿಗೂ ಗೊತ್ತಿದ್ದ ಕತೆ, ತಲೆ ಆಡಿಸುತ್ತಿದ್ದರು. ಆಮೇಲೆ ನಿಲ್ಲಿಸಲಿಲ್ಲ. ಹೊನ್ನಯ್ಯನ ಮೊಮ್ಮಗನ ಮೊಮ್ಮಗ ಒಬ್ಬನಿದ್ದ, ಅವನೂ ಬಾವಿ ಮುಚ್ಚುವವನು, ಮೊಳ ಬಿಟ್ಟ, ಪೂರ್ತಿ ಮುಚ್ಚು ಅಂದ ಅಳಿಯನನ್ನು ಬೈದ ಅಂತ ಹೇಳಿದೆ. ಚಂದ್ರನ ಮೇಲಿನ ಗುಂಡಿ, ಅಲ್ಲಿಂದ ಹೊರಟ ಬಿಳಿ ಗೀಟು ಹೇಳಿದೆ. ಹೊಲದಲ್ಲಿ ನಲವತ್ತೊಂದು ಗುಂಡಿ, ಅಷ್ಟೂ ಬಾವಿಯಿಂದ ಈಶಾನ್ಯಕ್ಕೇ, ಬೇರೆ ಮೂರು ಕಡೆ ಒಂದು ಹರಳೂ ಇಲ್ಲ, ಗೀಟುಗಳನ್ನು ಹಿಂದಕ್ಕೆ ಎಳೆದರೆ ಒಂದು ಮೊಳ ಜಾಗದಲ್ಲಿ ಬಂದು ಕೂಡುತ್ತವೆ ಅಂತ ಹೇಳಿದೆ. ಬಲೆ ಅಲುಗಿರಲಿಲ್ಲ ಅಂತಲೂ ಹೇಳಿದೆ. ಅವನ ಹೆಸರು ಕನಕರಾಜು ಅಂದೆ.

ತಿಮ್ಮಯ್ಯನವರು ಎದ್ದು ನಿಂತರು.

"ಅಳಿಯನ್ನ ಉಳಿಸ್ಕೊಳಾಕೆ ಗಂಗಮ್ಮನ್ನ ಬೀದಿಗೆ ತತ್ತೀಯೇನ್ಲಾ?"

"ಗಂಗಮ್ಮನ್ನಲ್ಲ ಗೌಡ್ರೆ. ನನ್ನ."

ಎಲ್ಲರೂ ಒಟ್ಟಿಗೇ ಮಾತಾಡಿದರು. ನಮ್ಮಪ್ಪನ ಕಾಲದಿಂದ ಬಿಟ್ಟಿಲ್ಲವೇ, ಆಗ ಹಾರದ ಕಲ್ಲು ಈಗ ಹಾರಿತೇ ಅಂದರು. ಸುಣ್ಣ ನೀನೇ ಹಾಕಿದ್ದು, ನಿನಗೆ ಬೇಕಾದ ಕಡೆ ಹಾಕಿಕೊಂಡಿದ್ದೀಯ ಅಂದ ಒಬ್ಬ. ಬಂದು ನೋಡಿ ಅಂತಷ್ಟೇ ಅಂದೆ.

ಆಗ ಮಾಯಮ್ಮನವರು ಮಂಚದಿಂದ ಕೇಳಿದರು.

"ಆ ಹೈದ ಮುಚ್ಚು ಅಂತ ಅಂದಿದ್ನಾ?"

"ಅಂದಿದ್ದ, ಅವ್ವ."

"ನೀನು ಬೈದ್ಯಾ?"

"ಬೈದೆ."

ಅವರು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಕತೆ ಮುಗಿಯಿತು ಅಂತ ನಾನು ಹೇಳಲಿಲ್ಲ. ಎದ್ದು ಬಂದೆ.

ಮಾರ್ಚ್ 21, ಶುಕ್ರವಾರ

ಕೇಳಿದವರು ಮಾರನೇ ಬೆಳಿಗ್ಗೆ ಏನು ಮಾಡಿದರು ಅಂತ ಬರೆಯಬೇಕು.

ಸುಣ್ಣ ನನಗೆ ಬೇಕಾದ ಕಡೆ ಹಾಕಿಕೊಂಡೆ ಅಂದವನು ಬೆಳಿಗ್ಗೆ ಎದ್ದು ಪಂಪ್‌ಹೌಸಿನ ಮೇಲೆ ಹತ್ತಿದನಂತೆ. ಇಳಿದು ಬಂದು ಯಾರಿಗೂ ಏನೂ ಹೇಳಲಿಲ್ಲವಂತೆ. ಉಳಿದವರು ಎಂದಿನಂತೆ ಡೈರಿಗೆ ಹಾಲು ಹಾಕಿ ಹೊಲಕ್ಕೆ ಹೋದರು.

ನಾನು ಮೊದಲ ಬಸ್ಸಿಗೆ ಮದ್ದೂರಿನ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬದಲಾಯಿಸಿದೆ. ಬರೆದುಕೊಂಡವರು ಗಂಗಮ್ಮನ ಹತ್ತಿರ ಪೆನ್ನು ನಿಲ್ಲಿಸಿ, ಇದನ್ನು ಹೇಗ್ರೀ ಬರೆಯೋದು ಅಂತ ಕೇಳಿದರು. ಒಂದು ಮೊಳ ತೆರಪು ಅಂತ ಬರೆಯಿರಿ ಅಂದೆ. ಈಗ ಕಾಗದದಲ್ಲಿ ಇಬ್ಬರ ಹೆಸರೂ ಇದೆ. ಮಹದೇವನ ಹೆಸರು ತೆಗೆಯುವುದು ತಮ್ಮ ಕೈಯಲ್ಲಿಲ್ಲ, ವಿಚಾರಣೆ ಇಪ್ಪತ್ತನಾಲ್ಕಕ್ಕೇ ಅಂದರು. ವಾಪಸ್ಸು ಬರುವಾಗ ಅವನ ಮನೆ ಮುಂದೆ ಹಾದುಬಂದೆ. ಬಾಗಿಲಲ್ಲಿದ್ದ. ಹೇಳಿದೆ. ಹೂಂ ಅಂದ. ಅಷ್ಟೇ.

ಅಲ್ಲಿಂದ ಬಾವಿಗೆ ಹೋದೆ. ತಿಮ್ಮಯ್ಯನವರು ಬೆಳಕು ಹರಿಯುವ ಮುಂಚೆಯೇ ಆಳು ಕರೆಸಿ ಬಾವಿಯ ಬಾಯಿಗೆ ಪೂರ್ತಿ ತಗಡು ಹೊದಿಸಿದ್ದರಂತೆ, ಮೂಲೆಯನ್ನೂ ಸೇರಿಸಿ. ನಾನು ಹೋಗುವ ಹೊತ್ತಿಗೆ ತಗಡು ಇತ್ತು. ಆದರೆ ಈಶಾನ್ಯದಲ್ಲಿ ಒಂದು ಮೊಳ ಸರಿದಿತ್ತು. ಅಂಚಿಗೆ ಅರಿಶಿನ, ಕುಂಕುಮ, ಇನ್ನೂ ಹಸಿ.

ಅವರ ಸೊಸೆ ಅರ್ಪಿತ ಕೊಡ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಯಾರಮ್ಮ ಸರಿಸಿದ್ದು ಅಂತ ಕೇಳಿದೆ. ಅತ್ತೆ ಕಳಿಸಿದರು ಅಂದಳು. ಏನಂದರು ಅಂದೆ.

"‘ಅವಳೂ ಬರ್ಬೇಕಲ್ಲ, ಪಾಪ’ ಅಂದ್ರು."

ಮುಚ್ಚಬೇಕು ಅಂತ ತಗಡಿಗೆ ಕೈ ಹಾಕಿದೆ. ಆಗಲಿಲ್ಲ. ತಲೆಯೆತ್ತಿ ಮನೆ ಕಡೆ ನೋಡಿದೆ. ಮಾಯಮ್ಮನವರು ಮಂಚವನ್ನು ಬಾಗಿಲಿಗೆ ಎಳೆಸಿಕೊಂಡಿದ್ದರು. ಬಾವಿಯ ಮೂಲೆಗೂ ಮಂಚಕ್ಕೂ ನಡುವೆ ನನ್ನ ಸುಣ್ಣದ ಗೀಟೊಂದು ನೇರ ಹೋಗಿತ್ತು. ಅವರು ಈ ಕಡೆಗೇ ನೋಡುತ್ತಿದ್ದರು.